ಗೋಜೋ ದ್ವೀಪದಲ್ಲಿ ಕ್ವಾಡ್ ಬೈಕ್ ಸುತ್ತಾಟ: ಮೊದಲ ಹತ್ತು ನಿಮಿಷದಲ್ಲೇ ಕಲಿಯಬೇಕಾದದ್ದು

ಕ್ವಾಡ್ ಬೈಕಿನ, ಅಂದರೆ ನಾಲ್ಕು ಚಕ್ರದ ಬೈಕಿನ, ಮೇಲೆ ಮೊದಲ ಸಲ ಕೂತವರ ಕಾಲನ್ನು ಗಮನಿಸಿ. ಗಾಡಿ ನಿಧಾನವಾಗುತ್ತಿದ್ದಂತೆ ಅಥವಾ ಸ್ವಲ್ಪ ವಾಲಿದಂತೆ ಅನ್ನಿಸಿದ ಕೂಡಲೇ ಕಾಲು ತಾನಾಗಿಯೇ ನೆಲಕ್ಕೆ ಇಳಿಯುತ್ತದೆ. ಸ್ಕೂಟರ್, ಬೈಕ್ ಓಡಿಸಿ ರೂಢಿಯಾದ ಕಾಲು ಅದು. ಆದರೆ ಕ್ವಾಡಿನಲ್ಲಿ ಕಾಲಿಡುವ ಜಾಗದ ಹಿಂದೆ ಒಂದು ಗೇಣಿನಷ್ಟೂ ಅಂತರವಿಲ್ಲದೆ ಹಿಂದಿನ ಚಕ್ರ ಇರುತ್ತದೆ. ಗಾಡಿ ಇನ್ನೂ ಮುಂದೆ ಉರುಳುತ್ತಿರುವಾಗ ಕಾಲು ಕೆಳಗಿಟ್ಟರೆ ಆ ಚಕ್ರ ಹಿಮ್ಮಡಿಯನ್ನು ಹಿಡಿದು, ಪಾದವನ್ನು ಹಿಂದಕ್ಕೆ ತಿರುಚಿ ತನ್ನಡಿಗೆ ಎಳೆದುಕೊಳ್ಳುತ್ತದೆ. ನಾಲ್ಕು ಚಕ್ರದ ಗಾಡಿ ನಿಂತಲ್ಲೇ ನಿಲ್ಲುತ್ತದೆ, ಅದಕ್ಕೆ ನಿಮ್ಮ ಕಾಲಿನ ಆಸರೆ ಬೇಕಿಲ್ಲ. ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಖಾಲಿ ಜಾಗದಲ್ಲಿ ನಾಲ್ಕೈದು ಸಲ ಹೊರಟು ನಿಂತು ಮಾಡಿದಾಗಲೇ ಕಾಲಿಗೆ ಅರ್ಥವಾಗುವುದು.

ಅದಕ್ಕೇ ನಮ್ಮ ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಮಾಲ್ಟಾ ದೇಶದ ಗೋಜೋ ದ್ವೀಪದಲ್ಲಿ ಗೈಡ್ ಜೊತೆ ಕ್ವಾಡ್ ಸುತ್ತಾಟಕ್ಕೆ ಹೋಗುವುದಾದರೆ, ಪಟ್ಟಿಯಲ್ಲಿ ಎಷ್ಟು ಜಾಗ ತೋರಿಸುತ್ತಾರೆ ಎಂದು ಎಣಿಸಬೇಡಿ. ಹೊರಡುವ ಮೊದಲು ಎಷ್ಟು ಹೊತ್ತು ಅಭ್ಯಾಸ ಮಾಡಿಸುತ್ತಾರೆ, ಒಬ್ಬ ಗೈಡಿಗೆ ಎಷ್ಟು ಗಾಡಿ ಎಂದು ಕೇಳಿ. ಇವೆರಡಕ್ಕೂ ಸರಿಯಾದ ಉತ್ತರ ಸಿಕ್ಕಿದರೆ ಉಳಿದದ್ದೆಲ್ಲ ಸರಿಹೋಗುತ್ತದೆ.

ಗಾಡಿಯ ಸ್ವಭಾವ

ಬಾಡಿಗೆಗೆ ಕೊಡುವ ಕ್ವಾಡ್‌ಗಳು ಸಾಮಾನ್ಯವಾಗಿ 300ರಿಂದ 500 ಸಿಸಿಯವು, ಆಟೋಮ್ಯಾಟಿಕ್. ಕ್ಲಚ್ ಇಲ್ಲ. ಗೇರ್ ಎಂದರೆ ಪಕ್ಕದಲ್ಲೊಂದು ಲಿವರ್: ಪಾರ್ಕಿಂಗ್, ರಿವರ್ಸ್, ನ್ಯೂಟ್ರಲ್, ಹೈ, ಲೋ. ಗಾಡಿ ಪೂರ್ತಿ ನಿಂತು, ಬ್ರೇಕ್ ಒತ್ತಿ ಹಿಡಿದಿದ್ದಾಗ ಮಾತ್ರ ಇದನ್ನು ಬದಲಿಸಬೇಕು. ಉರುಳುತ್ತಿರುವಾಗ ಎಳೆದರೆ ಕರಕರ ಸದ್ದು ಬರುತ್ತದೆ, ಅದು ಗೇರಿನ ಹಲ್ಲು ಸವೆಯುವ ಸದ್ದು.

ವೇಗ ಹೆಚ್ಚಿಸುವುದು ಬಲಗೈ ಹೆಬ್ಬೆರಳಿನಿಂದ. ಹಿಡಿಯ ಕೆಳಗೆ ಪುಟ್ಟ ಲಿವರ್ ಇದೆ, ಅದನ್ನು ಮುಂದಕ್ಕೆ ಒತ್ತಬೇಕು. ಬೈಕ್ ಓಡಿಸುವವರು ಅಭ್ಯಾಸಬಲದಿಂದ ಹಿಡಿಯನ್ನೇ ತಿರುಚುತ್ತಾರೆ, ಗಾಡಿ ಕದಲುವುದಿಲ್ಲ, ತಟ್ಟನೆ ನೆನಪಾಗಿ ಹೆಬ್ಬೆರಳನ್ನು ಜೋರಾಗಿ ಒತ್ತುತ್ತಾರೆ, ಗಾಡಿ ಜಿಗಿಯುತ್ತದೆ. ಇನ್ನೊಂದು ಅಪಾಯ ಉಬ್ಬುತಗ್ಗಿನ ದಾರಿಯಲ್ಲಿ. ಗಾಡಿ ಕುಲುಕಿದಾಗ ಭಯದಿಂದ ಹಿಡಿಯನ್ನು ಬಿಗಿ ಹಿಡಿಯುತ್ತೀರಿ, ಮುಷ್ಟಿ ಬಿಗಿಯಾದಂತೆ ಹೆಬ್ಬೆರಳೂ ಒತ್ತಿಕೊಳ್ಳುತ್ತದೆ, ವೇಗ ಇನ್ನೂ ಹೆಚ್ಚುತ್ತದೆ. ಕುಲುಕು ಜೋರಾದರೆ ಹೆಬ್ಬೆರಳನ್ನು ಲಿವರಿನಿಂದ ಪೂರ್ತಿ ಎತ್ತಿ ಹಿಡಿಯ ಸುತ್ತ ಸುತ್ತಿಕೊಳ್ಳಬೇಕು. ಒಂದು ಗಂಟೆ ಕಳೆಯುವಷ್ಟರಲ್ಲಿ ಹೆಬ್ಬೆರಳಿನ ಬುಡ ಜೋಮು ಹಿಡಿಯುವುದು ಸಹಜ. ತುದಿಯಿಂದ ಒತ್ತುವ ಬದಲು ಬೆರಳಿನ ಬುಡದ ಕಡೆಯಿಂದ ಒತ್ತಿದರೆ ನೋವು ಕಡಿಮೆ.

ಬ್ರೇಕ್ ಎಲ್ಲ ಗಾಡಿಯಲ್ಲೂ ಒಂದೇ ಥರ ಇಲ್ಲ. ಕೆಲವದರಲ್ಲಿ ಎಡಗೈ ಲಿವರ್ ಒಂದೇ ನಾಲ್ಕೂ ಚಕ್ರ ಹಿಡಿಯುತ್ತದೆ, ಕೆಲವದರಲ್ಲಿ ಎಡಗೈ ಹಿಂದಿನದಕ್ಕೆ, ಬಲಗೈ ಮುಂದಿನದಕ್ಕೆ. ಬಲಗಾಲಿನ ಬಳಿ ಪೆಡಲ್ ಇರುವುದೂ ಉಂಟು. ಯಾವುದು ಯಾವುದಕ್ಕೆ ಎಂದು ಕೇಳಿ, ಖಾಲಿ ಜಾಗದಲ್ಲಿ ಒಂದೊಂದನ್ನೇ ಒತ್ತಿ ನೋಡಿ. ಎಡ ಲಿವರಿನ ಮೇಲೆ ಪಾರ್ಕಿಂಗ್ ಬ್ರೇಕಿನ ಕೊಂಡಿ ಇರುತ್ತದೆ. ಫೋಟೊಗೆ ನಿಂತು ಮತ್ತೆ ಹೊರಡುವಾಗ ಅದನ್ನು ಬಿಡಿಸಲು ಮರೆಯುವವರೇ ಹೆಚ್ಚು. ಗಾಡಿ ಭಾರವಾಗಿ ಎಳೆಯುತ್ತಿದೆ, ಸುಟ್ಟ ವಾಸನೆ ಬರುತ್ತಿದೆ ಎಂದರೆ ಮೊದಲು ಅದನ್ನು ನೋಡಿ.

ತಿರುವಿನ ವಿಷಯಕ್ಕೆ ಬಂದರೆ, ಬೈಕಿನ ಹಾಗೆ ಮೈ ವಾಲಿಸಿದರೆ ಕ್ವಾಡ್ ತಿರುಗುವುದಿಲ್ಲ. ಹ್ಯಾಂಡಲನ್ನು ತೋಳಿನಿಂದಲೇ ತಿರುಗಿಸಬೇಕು. ಜೊತೆಗೆ, ಬಹಳಷ್ಟು ಗಾಡಿಗಳಲ್ಲಿ ಹಿಂದಿನ ಎರಡೂ ಚಕ್ರಗಳು ಒಂದೇ ವೇಗದಲ್ಲಿ ತಿರುಗುವಂತೆ ಕಟ್ಟಿರುತ್ತಾರೆ. ಕಾರಿನಲ್ಲಿ ತಿರುವಿನ ಹೊರಬದಿಯ ಚಕ್ರ ಹೆಚ್ಚು ತಿರುಗಲು ಡಿಫರೆನ್ಷಿಯಲ್ ಬಿಡುತ್ತದೆ, ಇಲ್ಲಿ ಆ ಸೌಲಭ್ಯ ಇಲ್ಲ. ಹಾಗಾಗಿ ಡಾಂಬರಿನ ಮೇಲೆ ಗಾಡಿ ನೇರಕ್ಕೇ ಎಳೆಯುತ್ತದೆ. ತಿರುವಿಗೆ ಮೊದಲೇ ವೇಗ ಇಳಿಸಿ, ಮೈಯನ್ನು ತಿರುವಿನ ಒಳಬದಿಗೆ ವಾಲಿಸಿ, ಹೊರಬದಿಯ ಕಾಲಿನ ಮೇಲೆ ಭಾರ ಊರಿ, ತಿರುವಿನುದ್ದಕ್ಕೂ ಹೆಬ್ಬೆರಳನ್ನು ಒಂದೇ ಹದದಲ್ಲಿ ಇಡಿ. ನೆಟ್ಟಗೆ ಗೂಟದಂತೆ ಕೂತರೆ ಒಳಚಕ್ರ ಮೇಲೇಳುತ್ತದೆ. ಕ್ವಾಡ್ ಮಗುಚುವುದು ಹೆಚ್ಚಾಗಿ ಹೀಗೇ: ಅತಿ ವೇಗವೂ ಬೇಕಿಲ್ಲ, ತಿರುವಿನ ನಡುವೆ ಗಾಬರಿಯಿಂದ ಹ್ಯಾಂಡಲ್ ಎಳೆದರೆ ಸಾಕು.

ಟಯರಿನಲ್ಲಿ ಗಾಳಿ ತೀರ ಕಡಿಮೆ ಎಂದು ಹೆದರಬೇಡಿ. ಕಾರಿಗೆ 30 ಪಿಎಸ್‌ಐ ಆದರೆ ಕ್ವಾಡಿಗೆ ಸಾಮಾನ್ಯವಾಗಿ 5ರಿಂದ 7. ಕೈಯಲ್ಲಿ ಒತ್ತಿದರೆ ಒಳಹೋಗುತ್ತದೆ, ಅದೇ ಸರಿ. ಆದರೆ ಎಡಬಲದ ಟಯರುಗಳಲ್ಲಿ ಒಂದು ಪಿಎಸ್‌ಐ ವ್ಯತ್ಯಾಸವಿದ್ದರೂ ಗಾಡಿ ಒಂದು ಕಡೆಗೆ ಎಳೆಯಬಹುದು. ಅಭ್ಯಾಸದ ಜಾಗದಲ್ಲೇ ಹ್ಯಾಂಡಲ್ ಸಡಿಲ ಹಿಡಿದು ನೇರ ಓಡಿಸಿ ನೋಡಿ, ಎಳೆದರೆ ಆಗಲೇ ಹೇಳಿ.

ಇಬ್ಬರು ಕೂರುವುದಾದರೆ ಇಬ್ಬರಿಗೆಂದೇ ತಯಾರಾದ ಗಾಡಿ ಬೇಕು: ಹಿಂದೆ ಬೆನ್ನಿಗೆ ಒರಗು, ಹಿಡಿದುಕೊಳ್ಳಲು ಹಿಡಿಗಳು, ಹಿಂದಿನವರ ಕಾಲಿಗೆ ಬೇರೆ ಜಾಗ. ಇಬ್ಬರ ಒಟ್ಟು ತೂಕ ಗಾಡಿಯ ಮೇಲೆ ಅಂಟಿಸಿದ ಮಿತಿಯನ್ನು ದಾಟಬಾರದು. ಹಿಂದೆ ಭಾರ ಹೆಚ್ಚಾದಷ್ಟೂ ಏರಿನಲ್ಲಿ ಮುಂದಿನ ಚಕ್ರ ಹಗುರಾಗುತ್ತದೆ, ಹ್ಯಾಂಡಲ್ ತಿರುಗಿಸಿದರೂ ಗಾಡಿ ಕೇಳುವುದಿಲ್ಲ. ಹಿಂದೆ ಕೂತವರು ಸಾಮಾನಿನ ಮೂಟೆಯಂತೆ ಕೂರದೆ ಏರಿನಲ್ಲಿ ಮುಂದಕ್ಕೆ, ಇಳಿಜಾರಿನಲ್ಲಿ ಹಿಂದಕ್ಕೆ ಬಾಗಬೇಕು. ನಡುವೆ ಚಾಲಕರು ಬದಲಾಗುವ ಆಲೋಚನೆ ಇದ್ದರೆ ಇಬ್ಬರ ಹೆಸರೂ ಕಾಗದದಲ್ಲಿ ಇರಲಿ, ಇಲ್ಲದಿದ್ದರೆ ವಿಮೆ ಲೆಕ್ಕಕ್ಕೆ ಬರುವುದಿಲ್ಲ.

ನೆಲ ಹೇಗಿದೆ

ಗೋಜೋ ಸುಮಾರು 14 ಕಿಲೋಮೀಟರ್ ಉದ್ದ, 7 ಕಿಲೋಮೀಟರ್ ಅಗಲ, ಒಟ್ಟು 67 ಚದರ ಕಿಲೋಮೀಟರ್. ದಿನವಿಡೀ ಸುತ್ತಾಡಲು ದೂರವೇನೂ ಇಲ್ಲ. ಹಾಗಿದ್ದರೂ ದಿನ ಸಾಲದು ಎನ್ನಿಸುವುದಕ್ಕೆ ಕಾರಣ ಆ ನೆಲದ ಕಟ್ಟು. ಮೇಲೆ ಗಟ್ಟಿ ಹವಳ ಸುಣ್ಣದಕಲ್ಲಿನ ಹಾಸು, ಅದರ ಕೆಳಗೆ ನೀಲಿ ಜೇಡಿಮಣ್ಣು, ಅದಕ್ಕೂ ಕೆಳಗೆ ಗ್ಲೋಬಿಜೆರಿನಾ ಎಂಬ ಮೆತ್ತಗಿನ ಹಳದಿ ಸುಣ್ಣದಕಲ್ಲು, ತಳದಲ್ಲಿ ಮತ್ತೆ ಗಟ್ಟಿ ಹವಳದ ಕಲ್ಲು. ಮೇಲಿನ ಹಾಸು ಗಟ್ಟಿ, ಕೆಳಗಿನ ಜೇಡಿ ಮೆದು, ಹಾಗಾಗಿ ಗುಡ್ಡಗಳ ನೆತ್ತಿ ಮೇಜಿನಂತೆ ಸಮತಟ್ಟು, ಪಕ್ಕಗಳು ಇಳಿಜಾರು. ಊರುಗಳು ನೆತ್ತಿಯ ಮೇಲೆ, ಕಡಲತೀರ ಕೆಳಗೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಬೇಕಾದರೆ ಇಳಿದು ಹತ್ತಲೇಬೇಕು.

ಈ ಪದರಗಳನ್ನು ಚಕ್ರದಡಿ ಗುರುತಿಸುವುದು ಕಲಿತರೆ ಓಡಿಸುವ ಕ್ರಮವೇ ಬದಲಾಗುತ್ತದೆ. ಬೂದುಬಣ್ಣದ, ಮೊನಚು ಮೊನಚಾದ ಕಲ್ಲು ಬಂದರೆ ಅದು ಮೇಲಿನ ಹವಳದ ಹಾಸು. ಹಿಡಿತ ಚೆನ್ನಾಗಿರುತ್ತದೆ, ಆದರೆ ಅಂಚುಗಳು ಟಯರಿನ ಪಕ್ಕವನ್ನು ಸೀಳಬಲ್ಲವು. ಕಲ್ಲಿನ ಮೇಲೆ ಟಯರಿನ ನಡುಭಾಗ ಹತ್ತಲಿ, ಪಕ್ಕ ಉಜ್ಜದಿರಲಿ. ಹಳದಿ ನುಣುಪು ಕಲ್ಲು ಒಣಗಿದ್ದಾಗ ಮೇಲೆ ಹಿಟ್ಟಿನಂಥ ಪುಡಿ ಕೂತಿರುತ್ತದೆ, ಒದ್ದೆಯಾದರೆ ಸಾಬೂನು. ಜೇಡಿಯ ಇಳಿಜಾರಿನಲ್ಲಿ ಮಳೆ ಬಿದ್ದ ದಿನ ಹೋಗಲೇಬಾರದು. ಮಣ್ಣು ಟಯರಿನ ಗೀರುಗಳನ್ನೆಲ್ಲ ತುಂಬಿಬಿಡುತ್ತದೆ, ಆಮೇಲೆ ಬ್ರೇಕ್ ಒತ್ತಿದರೂ ಗಾಡಿ ಜಾರುವುದು ನಿಲ್ಲದು. ಆ ದಾರಿಯನ್ನು ಬಿಟ್ಟು ಡಾಂಬರಿನಲ್ಲೇ ಕರೆದೊಯ್ಯುವ ಗೈಡ್ ನಿಮ್ಮ ದುಡ್ಡಿಗೆ ಮೋಸ ಮಾಡುತ್ತಿಲ್ಲ, ನಿಮ್ಮನ್ನು ಉಳಿಸುತ್ತಿದ್ದಾರೆ.

ಡಾಂಬರನ್ನೂ ಪೂರ್ತಿ ನಂಬುವಂತಿಲ್ಲ. ಸುಣ್ಣದಕಲ್ಲಿನ ಜಲ್ಲಿ ವಾಹನಗಳ ಓಡಾಟದಿಂದ ಬೇಗ ನಯವಾಗುತ್ತದೆ. ಬೇಸಿಗೆಯಿಡೀ ಕೂತ ಧೂಳು, ಎಣ್ಣೆಯ ಮೇಲೆ ಮೊದಲ ಮಳೆ ಬಿದ್ದ ದಿನ ರಸ್ತೆ ಅತಿ ಕೆಟ್ಟದಾಗಿರುತ್ತದೆ. ಅದು ಸಾಮಾನ್ಯವಾಗಿ ಸೆಪ್ಟೆಂಬರ್, ಅಕ್ಟೋಬರಿನ ಹೊತ್ತು. ವಾಹನಗಳು ರಸ್ತೆಯ ಎಡಬದಿಯಲ್ಲಿ ಓಡುತ್ತವೆ, 1964ರವರೆಗೆ ಬ್ರಿಟಿಷರ ಆಳ್ವಿಕೆಯಲ್ಲಿದ್ದ ದೇಶ ಅದು. ಹೊಲಗಳ ನಡುವಿನ ಓಣಿಗಳಲ್ಲಿ ಎರಡೂ ಬದಿಗೆ ಗಾರೆಯಿಲ್ಲದೆ ಪೇರಿಸಿದ ಕಲ್ಲಿನ ಗೋಡೆಗಳಿವೆ. ಇವುಗಳಿಗೆ ಕಾನೂನಿನ ರಕ್ಷಣೆ ಇದೆ, ಒಂದು ಕಲ್ಲು ಉರುಳಿದರೂ ರೈತನಿಗೆ ಕೆಲಸ ಹೆಚ್ಚು. ಕ್ವಾಡಿನ ಹಿಂಭಾಗ ಹ್ಯಾಂಡಲಿಗಿಂತ ಅಗಲ ಎನ್ನುವುದನ್ನು ಮರೆತವರು ತಿರುವಿನಲ್ಲಿ ಹಿಂದಿನ ಮಡ್‌ಗಾರ್ಡನ್ನು ಈ ಗೋಡೆಗೆ ಉಜ್ಜುತ್ತಾರೆ.

ದಾರಿಯುದ್ದಕ್ಕೂ

ಬಹುತೇಕ ಸುತ್ತಾಟಗಳು ಇಮ್ಜಾರ್ ಬಂದರಿನಿಂದ ಶುರು. ಮಾಲ್ಟಾದ ಮುಖ್ಯ ದ್ವೀಪದ ಚಿರ್ಕೆವ್ವಾದಿಂದ ದೊಡ್ಡ ದೋಣಿಯಲ್ಲಿ ಸುಮಾರು 25 ನಿಮಿಷ, ರಾಜಧಾನಿ ವಲೆಟ್ಟಾದಿಂದ ವೇಗದ ದೋಣಿಯಲ್ಲಿ ಸುಮಾರು 45 ನಿಮಿಷ. ವಾಯವ್ಯದಿಂದ ಬೀಸುವ ಮಜಿಸ್ಟ್ರಾಲ್ ಗಾಳಿ ಜೋರಾದರೆ ಚಿಕ್ಕ ದೋಣಿ ಹೊಯ್ದಾಡುತ್ತದೆ, ಕೆಲವೊಮ್ಮೆ ಹೊರಡುವುದೇ ಇಲ್ಲ. ಅಂಥ ದಿನ ಚಿರ್ಕೆವ್ವಾದ ದಾರಿಯೇ ಭರವಸೆಯದು.

ಬೋರ್ಡುಗಳನ್ನು ಓದುವುದಕ್ಕೊಂದು ಸೂತ್ರ: ಮಾಲ್ಟೀಸ್ ಭಾಷೆಯಲ್ಲಿ ಎಕ್ಸ್ ಅಕ್ಷರ 'ಶ' ಆಗುತ್ತದೆ, ಅಡ್ಡಗೆರೆಯುಳ್ಳ ಎಚ್ ಜೊತೆ ಬರುವ ಜಿ ಉಚ್ಚಾರವೇ ಆಗುವುದಿಲ್ಲ. ಗೈಡ್ ಶ್ಲೆಂಡಿ, ಆರ್ಬ್ ಎಂದು ಹೇಳಿದ್ದನ್ನು ಬೋರ್ಡಿನಲ್ಲಿ ಹುಡುಕುವಾಗ ಇದು ಕೆಲಸಕ್ಕೆ ಬರುತ್ತದೆ. ಗುಂಪಿನಿಂದ ಹಿಂದುಳಿದಾಗ ಇನ್ನೂ ಹೆಚ್ಚು.

ನಾದುರ್ ದಾಟಿ ಉತ್ತರಕ್ಕೆ ಇಳಿದರೆ ಕೆಂಪು ಮರಳಿನ ರಮ್ಲಾ ತೀರ. ಮರಳದಿಬ್ಬಗಳು ಸಂರಕ್ಷಿತ, ಕ್ವಾಡ್ ಮರಳಿಗೆ ಇಳಿಯಬಾರದು, ಮೇಲಿನಿಂದ ನೋಡುವುದೇ ಚೆಂದ. ಮಾರ್ಸಲ್‌ಫೋರ್ನ್ ಕಳೆದ ಮೇಲೆ ಶ್ವೇನಿಯ ಉಪ್ಪಿನ ಮಡಿಗಳು ಸಿಗುತ್ತವೆ. ಹಳದಿ ಕಲ್ಲನ್ನೇ ಕಡಿದು ಮಾಡಿದ ಚೌಕ ಚೌಕ ತೊಟ್ಟಿಗಳು, ಬೇಸಿಗೆಯಲ್ಲಿ ನೀರು ಆರಿ ಉಪ್ಪು ಹರಳುಗಟ್ಟುತ್ತದೆ, ಕುಟುಂಬಗಳು ಈಗಲೂ ಗುಡಿಸಿ ರಾಶಿ ಹಾಕುತ್ತವೆ. ತೊಟ್ಟಿಗಳ ನಡುವಿನ ಬದು ಬೆರಳಿನಿಂದ ಕೆರೆದರೂ ಪುಡಿ ಉದುರುವಷ್ಟು ಮೆದು. ದಯವಿಟ್ಟು ಅದರ ಮೇಲೆ ನಡೆಯಬೇಡಿ, ರಸ್ತೆಯ ಪಕ್ಕದಲ್ಲೇ ನಿಂತು ನೋಡಿ. ಬೂಟಿನ ಧೂಳು ತೊಟ್ಟಿಗೆ ಬಿದ್ದರೆ ಆ ಉಪ್ಪು ಊಟಕ್ಕೆ ಬಾರದು.

ಅಲ್ಲಿಂದ ಮುಂದೆ ವೀದ್ ಇಲ್ ಆಸ್ರಿಯ ಕಿರಿದಾದ ಕೊಲ್ಲಿಯ ಕಡೆಗೆ ಕಡಲ ಅಂಚಿನ ಒರಟು ದಾರಿ. ಧೂಳು ಹೆಚ್ಚು. ಗುಂಪಿನಲ್ಲಿ ಮೂರನೆಯವರಿಂದ ಹಿಂದೆ ಇದ್ದವರೆಲ್ಲ ಧೂಳು ಕುಡಿಯುತ್ತಲೇ ಹೋಗಬೇಕು. ಗೈಡ್ ಕೊಡುವ ಗಾಗಲ್ಸ್ ಹಾಕಿ, ಮೂಗು ಬಾಯಿಗೆ ಬಟ್ಟೆ ಕಟ್ಟಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅಂದು ಕನ್ನಡಕದಲ್ಲೇ ಬಂದರೆ ಒಳ್ಳೆಯದು, ಅದರ ಮೇಲೆ ಕೂರುವ ಗಾಗಲ್ಸ್ ಇದೆಯೇ ಎಂದು ಮೊದಲೇ ಕೇಳಿ. ಮುಂದಿನ ಗಾಡಿ ಕಾಣದಷ್ಟು ಧೂಳೆದ್ದರೆ ಹತ್ತಿರ ಹೋಗಲು ನೋಡಬೇಡಿ, ಅಂತರ ಹೆಚ್ಚಿಸಿ. ಡಾಂಬರಿನಲ್ಲಿ ಎರಡು ಸೆಕೆಂಡಿನ ಅಂತರ ಸಾಕು, ಧೂಳಿನಲ್ಲಿ ನಾಲ್ಕಾದರೂ ಬೇಕು.

ಗುಂಪಿನಲ್ಲಿ ಓಡಿಸುವುದರ ಒಂದು ವಿಚಿತ್ರ ಇಲ್ಲಿ ಹೇಳಲೇಬೇಕು. ಮೊದಲ ಗಾಡಿ ಗಂಟೆಗೆ 30 ಕಿಲೋಮೀಟರಿನಲ್ಲಿ ಹೋಗುತ್ತಿದ್ದರೂ ಕೊನೆಯದು ಕೆಲವೊಮ್ಮೆ 50ರಲ್ಲಿ ಓಡಬೇಕಾಗುತ್ತದೆ. ತಿರುವು ದಾಟಿದ ಮೊದಲಿಗರು ವೇಗ ಹೆಚ್ಚಿಸುತ್ತಾರೆ, ಕೊನೆಯವರು ಇನ್ನೂ ತಿರುವಿನಲ್ಲಿರುತ್ತಾರೆ, ಅಂತರ ರಬ್ಬರಿನಂತೆ ಹಿಗ್ಗುತ್ತದೆ, ಹಿಡಿಯಲು ಅವರು ಧಾವಿಸುತ್ತಾರೆ. ಗುಂಪು ದೊಡ್ಡದಾದಷ್ಟೂ ಇದು ಹೆಚ್ಚು. ಅನುಭವ ಇಲ್ಲದವರು ಹಿಂದೆ ಇರಬೇಕು ಎಂದು ಅಂದುಕೊಳ್ಳುತ್ತಾರೆ, ಅದು ತಪ್ಪು. ಹೊಸಬರ ಜಾಗ ಗೈಡಿನ ಬೆನ್ನ ಹಿಂದೆಯೇ. ವೇಗ ಅವರ ಹದಕ್ಕೆ ಹೊಂದಿಕೊಳ್ಳುತ್ತದೆ, ಗೈಡ್ ಹಿಡಿದ ಗೆರೆಯನ್ನೇ ನೋಡಿ ಓಡಿಸಬಹುದು, ಧೂಳೂ ಕಡಿಮೆ. ಆರು ಗಾಡಿಗಿಂತ ಹೆಚ್ಚಿದ್ದರೆ ಕೊನೆಯಲ್ಲೊಬ್ಬ ಗೈಡ್ ಇರಲೇಬೇಕು ಎನ್ನುವುದು ನಮ್ಮ ಅಭಿಪ್ರಾಯ. ಕೂಡುರಸ್ತೆಯಲ್ಲಿ ನಿಮ್ಮ ಹಿಂದಿನವರು ಕಾಣುವ ತನಕ ತಿರುಗಬೇಡಿ. ಎಲ್ಲರೂ ಇದೊಂದನ್ನು ಪಾಲಿಸಿದರೆ ಯಾರೂ ತಪ್ಪಿಸಿಕೊಳ್ಳುವುದಿಲ್ಲ.

ಆಸ್ರಿ ಊರಿನ ಹತ್ತಿರ ಗುಡ್ಡದ ಮೇಲೆ 1853ರ ಜೋರ್ಡನ್ ದೀಪಸ್ತಂಭ ಇದೆ. ಅಲ್ಲಿಗೆ ಹತ್ತುವ ಕಡಿದಾದ ದಾರಿ ಲೋ ಗೇರಿನ ಪಾಠಕ್ಕೆ ಹೇಳಿಮಾಡಿಸಿದಂತಿದೆ. ಏರಿನ ಬುಡದಲ್ಲೇ ನಿಂತು ಲೋಗೆ ಹಾಕಿಕೊಳ್ಳಿ, ಮುಂದಕ್ಕೆ ಬಾಗಿ, ನಡುವೆ ನಿಲ್ಲದೆ ಹತ್ತಿ. ಹೈನಲ್ಲೇ ಇಬ್ಬರನ್ನು ಹೊತ್ತು ನಿಧಾನಕ್ಕೆ ಹತ್ತಿಸಿದರೆ ಎಂಜಿನ್ನಿನಿಂದ ಚಕ್ರಕ್ಕೆ ಬಲ ಸಾಗಿಸುವ ರಬ್ಬರ್ ಬೆಲ್ಟ್ ಜಾರುತ್ತದೆ, ಬಿಸಿಯಾಗುತ್ತದೆ, ಸುಟ್ಟ ರಬ್ಬರಿನ ವಾಸನೆ ಬರುತ್ತದೆ. ಆಗ ಸಮತಟ್ಟಾದ ಜಾಗ ನೋಡಿ ನಿಲ್ಲಿಸಿ, ಹತ್ತು ನಿಮಿಷ ಆರಲು ಬಿಡಿ. ಏರಿನ ಮಧ್ಯೆ ಎಂಜಿನ್ ನಿಂತರೆ ಬ್ರೇಕ್ ಹಿಡಿದು, ಪಾರ್ಕಿಂಗ್ ಕೊಂಡಿ ಹಾಕಿ, ಮುಂದೆ ಬಾಗಿ ಕೂತು ಗೈಡನ್ನು ಕರೆಯಿರಿ. ಇಳಿದು ತಳ್ಳಲು ಹೋಗಬೇಡಿ. ಖಾಲಿ ಗಾಡಿಯೇ ಸುಮಾರು 300 ಕಿಲೋ ತೂಗುತ್ತದೆ, ಹಿಂದೆ ಉರುಳಿದರೆ ಮನುಷ್ಯ ತಡೆಯಲಾರ. ಇಳಿಯುವಾಗಲೂ ಲೋ ಗೇರ್, ಮೈ ಹಿಂದಕ್ಕೆ, ಹಿಂದಿನ ಬ್ರೇಕನ್ನು ಬಿಟ್ಟು ಬಿಟ್ಟು ಒತ್ತುವುದು.

ತಾ ಪಿನು ಬಸಿಲಿಕಾ ಚರ್ಚಿನಲ್ಲಿ ನಿಲ್ಲುವುದಿದ್ದರೆ ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ. ಸ್ಯಾನ್ ಲೊರೆನ್ಸ್‌ನಿಂದ ಕೆಳಗೆ ದ್ವೇರಾ. ಇಲ್ಲಿದ್ದ ಅಜೂರ್ ವಿಂಡೋ ಎಂಬ ಕಲ್ಲಿನ ಕಮಾನು 2017ರ ಮಾರ್ಚ್ 8ರಂದು ಬಿರುಗಾಳಿಗೆ ಕುಸಿದು ಕಡಲು ಸೇರಿತು. ಹಳೆಯ ಚಿತ್ರ ತೋರಿಸಿ ಇನ್ನೂ ಮಾರುವ ಜಾಹೀರಾತು ಕಂಡರೆ ಆ ಸುತ್ತಾಟದ ಉಳಿದ ಮಾತುಗಳನ್ನೂ ಅನುಮಾನದಿಂದಲೇ ನೋಡಿ. ಕಮಾನು ಹೋದರೂ ಬಂಡೆಯೊಳಗಿನ ಸುರಂಗದಿಂದ ಕಡಲಿಗೆ ತೆರೆದುಕೊಳ್ಳುವ ಒಳಸಮುದ್ರ ಇದೆ, ನೀರಿನಿಂದ ಎದ್ದು ನಿಂತ ಫಂಗಸ್ ರಾಕ್, ಅಂದರೆ ಅಣಬೆ ಬಂಡೆ ಇದೆ. ಅದರ ಮೇಲೆ ಬೆಳೆಯುತ್ತಿದ್ದುದು ಅಣಬೆಯಲ್ಲ, ಬೇರೆ ಗಿಡದ ಬೇರಿನಿಂದ ಬದುಕುವ ಪರಾವಲಂಬಿ ಸಸ್ಯ. ಅದನ್ನು ದೊಡ್ಡ ಔಷಧಿಯೆಂದು ನಂಬಿ ಆಗ ಮಾಲ್ಟಾವನ್ನು ಆಳುತ್ತಿದ್ದ ನೈಟ್‌ಗಳೆಂಬ ಕ್ರೈಸ್ತ ಯೋಧರು ಬಂಡೆಗೆ ಕಾವಲು ಹಾಕಿದ್ದರು. ಪಶ್ಚಿಮದ ಅಲೆ ಜೋರಿದ್ದರೆ ಸುರಂಗದ ದೋಣಿಗಳು ಹೊರಡುವುದಿಲ್ಲ.

ಊಟ ಬಹಳಷ್ಟು ಸಲ ಶ್ಲೆಂಡಿಯಲ್ಲಿ. ಮಧ್ಯಾಹ್ನದ ಊಟದ ಜೊತೆ ಬಿಯರ್ ಬೇಡ, ಒಂದು ಲೋಟವೂ ಬೇಡ. ಊಟದ ನಂತರದ ಮೊದಲ ಅರ್ಧ ಗಂಟೆಯಲ್ಲೇ ಮೈ ಮಂಕಾಗಿ ಅಂತರದ ಅಂದಾಜು ತಪ್ಪುತ್ತದೆ. ಆಮೇಲೆ ಬರುವುದು ತಾ ಚೆಂಚ್‌ನ ಬಂಡೆಗಳು, 100 ಮೀಟರಿಗೂ ಹೆಚ್ಚು ಎತ್ತರದಿಂದ ನೇರ ಕಡಲಿಗೆ. ಬೇಲಿ ಇಲ್ಲ. ಅಂಚಿನ ಕಲ್ಲು ಕೆಳಗಡೆ ಟೊಳ್ಳಾಗಿರಬಹುದು, ಮೇಲಿನಿಂದ ಗೊತ್ತಾಗುವುದಿಲ್ಲ. ಗಾಡಿಯನ್ನು ದೂರದಲ್ಲೇ ನಿಲ್ಲಿಸಿ, ಎಂಜಿನ್ ಆರಿಸಿ. ಬಂಡೆಯ ಸೀಳುಗಳಲ್ಲಿ ಶಿಯರ್‌ವಾಟರ್ ಕಡಲಹಕ್ಕಿಗಳು ಗೂಡು ಕಟ್ಟುತ್ತವೆ. ಕಾಲಡಿಯಲ್ಲಿ ಕಾಡು ಥೈಮ್‌ನ ಪೊದೆಗಳು, ಬಂಡೆಯಲ್ಲಿ ಹಳೆಯ ಗಾಡಿಜಾಡಿನಂಥ ಜೋಡಿ ಗೀರುಗಳು. ಒಂದು ಪೊದೆ ಬೇರೂರಲು ಕಲ್ಲಿನ ಬಿರುಕಿನಲ್ಲಿ ಹಿಡಿ ಮಣ್ಣು ಸೇರಬೇಕು, ಅದಕ್ಕೆ ವರ್ಷಗಳೇ ಬೇಕು. ಚಕ್ರ ಒಮ್ಮೆ ಹರಿದರೆ ಅಷ್ಟೂ ಹೋಯಿತು. ದಾರಿ ಬಿಟ್ಟು ಆಚೀಚೆ ಗಾಡಿ ನುಗ್ಗಿಸಿ ಎಂದು ಹುರಿದುಂಬಿಸುವ ಗೈಡ್ ಸಿಕ್ಕರೆ ನೀವೇ ಬೇಡ ಎನ್ನಿ.

ಯಾವಾಗ, ಏನು ಹಾಕಿಕೊಂಡು

ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದವರೆಗೆ ಅತ್ಯುತ್ತಮ. ಅಕ್ಟೋಬರ್ ಕೂಡ ಹಿತ, ಮಳೆಯ ಮೇಲೊಂದು ಕಣ್ಣಿರಲಿ. ಜುಲೈ, ಆಗಸ್ಟ್‌ನಲ್ಲಿ ನೆರಳಿಲ್ಲದ ದಾರಿ, ಕೆಳಗಿಂದ ಎಂಜಿನ್ನಿನ ಕಾವು. ಆಗ್ನೇಯದ ಶ್ಲೋಕ್ ಗಾಳಿ ಬೀಸಿದ ದಿನ ಸೆಕೆಯ ಜೊತೆ ಸಹಾರಾದ ಧೂಳೂ ಬರುತ್ತದೆ. ಆಗಸ್ಟ್ 15ರ ಸಾಂತಾ ಮರಿಯಾ ಹಬ್ಬದ ಆಸುಪಾಸಿನಲ್ಲಿ ಗೋಜೋದ ಮುಖ್ಯ ಪಟ್ಟಣ ವಿಕ್ಟೋರಿಯಾದ ಬೀದಿಗಳು ಮುಚ್ಚುತ್ತವೆ, ದೋಣಿಯ ಸರದಿ ಬೆಳೆಯುತ್ತದೆ. ವಸಂತದಲ್ಲೂ ಶರತ್ಕಾಲದಲ್ಲೂ ಹಕ್ಕಿ ಬೇಟೆಯ ಅವಧಿ ಇರುತ್ತದೆ, ಹೊಲಗಳ ಕಡೆಯಿಂದ ಗುಂಡಿನ ಸದ್ದು ಕೇಳಿದರೆ ಗಾಬರಿ ಬೇಡ, ಆದರೆ ಬೇಟೆಗಾರರು ಅಡಗಿ ಕೂರುವ ಕಲ್ಲಿನ ಗೂಡುಗಳ ಹತ್ತಿರ ಸುಳಿಯಬೇಡಿ.

ಉದ್ದ ಪ್ಯಾಂಟ್ ಹಾಕಿ. ಎಂಜಿನ್, ಸೈಲೆನ್ಸರಿನ ಬಿಸಿ ಬರಿಗಾಲಿನ ಮೀನಖಂಡವನ್ನು ಸುಡುತ್ತದೆ. ಹಿಮ್ಮಡಿ ಮುಚ್ಚುವ ಬೂಟು ಬೇಕು, ಚಪ್ಪಲಿ ಹಾಕಿ ಬಂದರೆ ಒಳ್ಳೆಯ ಗೈಡ್ ಗಾಡಿ ಹತ್ತಲು ಬಿಡುವುದಿಲ್ಲ. ಬಿಸಿಲಿಗೆ ಮೊದಲು ಸುಡುವುದು ಅಂಗೈ ಹಿಂಭಾಗ, ದಿನವಿಡೀ ಹ್ಯಾಂಡಲ್ ಮೇಲೆ ಒಂದೇ ಭಂಗಿಯಲ್ಲಿ ಇರುತ್ತದಲ್ಲ. ತೆಳು ಕೈಗವಸು ಇದ್ದರೆ ಬಿಸಿಲಿಗೂ ಆಯಿತು, ಗುಳ್ಳೆ ಏಳದಂತೆಯೂ ಆಯಿತು. ತಲೆಗೆ ಒಂಟಿ ಗಾತ್ರದ ಹೆಲ್ಮೆಟ್ ಕೊಟ್ಟರೆ ಪಟ್ಟಿ ಬಿಗಿದು ತಲೆ ಅಲುಗಿಸಿ ನೋಡಿ, ಹೆಲ್ಮೆಟ್ ಹಿಂದೆ ಬಿದ್ದರೆ ಬೇರೆ ಕೇಳಿ. ತಲಾ ಎರಡು ಲೀಟರ್ ನೀರು. ಫೋನನ್ನು ಜಿಪ್ ಇರುವ ಜೇಬಿನಲ್ಲಿಡಿ. ಕುಲುಕುವ ದಾರಿಯಲ್ಲಿ ಬಿದ್ದ ಫೋನು ಹಿಂದಿನ ಗಾಡಿಯ ಚಕ್ರದಡಿಯೇ ಸಿಗುವುದು.

ಕಾಗದಪತ್ರ, ಹಣ

ಕ್ವಾಡ್ ರಸ್ತೆಯಲ್ಲಿ ಓಡುವುದರಿಂದ ಓಡಿಸುವವರಿಗೆ ಕಾರಿನ ಚಾಲನಾ ಪರವಾನಗಿ ಬೇಕು, ಬೈಕಿನದಷ್ಟೇ ಇದ್ದರೆ ಸಾಲದು. ಮೂಲ ಪ್ರತಿಯನ್ನೇ ತನ್ನಿ, ಫೋನಿನಲ್ಲಿರುವ ಚಿತ್ರವನ್ನು ಒಪ್ಪದವರೇ ಹೆಚ್ಚು. ಪರವಾನಗಿ ಇಂಗ್ಲಿಷಿನಲ್ಲಿ ಇಲ್ಲದಿದ್ದರೆ ಅಂತರರಾಷ್ಟ್ರೀಯ ಪರವಾನಗಿಯೂ ಜೊತೆಗಿರಲಿ. ಕನಿಷ್ಠ ವಯಸ್ಸನ್ನು ಒಬ್ಬೊಬ್ಬರು ಒಂದೊಂದು ಥರ ಇಟ್ಟಿರುತ್ತಾರೆ, ಬುಕ್ ಮಾಡುವಾಗಲೇ ಕೇಳಿ.

ವಿಮೆಯ ವಿಷಯದಲ್ಲಿ ಎರಡು ಪ್ರಶ್ನೆ. ಗಾಡಿಗೆ ಪೆಟ್ಟಾದರೆ ನಿಮ್ಮ ಕೈಯಿಂದ ಹೋಗುವ ಗರಿಷ್ಠ ಮೊತ್ತ ಎಷ್ಟು ಯೂರೋ? ಟಯರ್, ಗಾಡಿಯ ತಳ, ಕನ್ನಡಿ ಅದರೊಳಗೆ ಸೇರಿವೆಯೇ? ಜಗಳ ಬರುವುದೆಲ್ಲ ಈ ಮೂರರ ಸುತ್ತಲೇ. ನಿಮ್ಮ ಸ್ವಂತ ಪ್ರವಾಸ ವಿಮೆಯ ಹೊರಗಿಟ್ಟ ವಿಷಯಗಳ ಪಟ್ಟಿಯಲ್ಲಿ ಕ್ವಾಡ್ ಬೈಕ್ ಎಂಬ ಪದ ಇದೆಯೇ ಎಂದೂ ನೋಡಿ, ಎಷ್ಟೋ ಪಾಲಿಸಿಗಳಲ್ಲಿ ಇರುತ್ತದೆ. ಹೊರಡುವ ಮೊದಲು ಗಾಡಿಯ ಸುತ್ತ ಒಂದು ವಿಡಿಯೊ ಮಾಡಿ: ನಾಲ್ಕು ಮಡ್‌ಗಾರ್ಡಿನ ಅಂಚು, ನಾಲ್ಕು ರಿಮ್, ಕಾಲಿಡುವ ಪ್ಲಾಸ್ಟಿಕ್ಕಿನ ಕೆಳಭಾಗ, ಮುಂದಿನ ಗಾರ್ಡ್, ಪೆಟ್ರೋಲ್ ಮುಳ್ಳು. ಮುಂಚೆಯೇ ಇದ್ದ ಗೀರುಗಳನ್ನು ಕಾಗದದಲ್ಲಿ ಬರೆಸಿ ಸಹಿ ಹಾಕಿ. ತುರ್ತು ಸಂಖ್ಯೆ 112.

ಸಂಜೆ ಇಮ್ಜಾರಿಗೆ ಮರಳಿದ ಮೇಲೆ ಗಾಡಿ ತೊಳೆಯುವ ಮುಂಚೆಯೇ ಅವರ ಜೊತೆ ನಿಂತು ಇನ್ನೊಂದು ವಿಡಿಯೊ ಮಾಡಿ, ಎಲ್ಲ ಸರಿಯಿದೆ ಎಂದು ಕಾಗದದಲ್ಲಿ ಬರೆಸಿಕೊಳ್ಳಿ. ಕಾರ್ಡಿನಲ್ಲಿ ತಡೆಹಿಡಿದ ಮುಂಗಡ ಬಿಡುಗಡೆಯಾಗಲು ಕೆಲವು ದಿನ ಹಿಡಿಯುವುದರಿಂದ ಆ ಕಾಗದವನ್ನು ಅಲ್ಲಿಯತನಕ ಎಸೆಯಬೇಡಿ. ಚಿರ್ಕೆವ್ವಾದಿಂದ ದೊಡ್ಡ ದೋಣಿಯಲ್ಲಿ ಬರುವಾಗ ಯಾರೂ ಟಿಕೆಟ್ ಕೇಳಿರುವುದಿಲ್ಲ, ಹಣ ಕೊಡಬೇಕಾದದ್ದು ಈಗ, ಇಮ್ಜಾರಿನಿಂದ ವಾಪಸು ಹೊರಡುವಾಗ. ಸರದಿಯಲ್ಲಿ ನಿಲ್ಲುವ ಮೊದಲು ಮುಖ ತೊಳೆದುಕೊಳ್ಳಿ, ಗಾಗಲ್ಸ್ ಇದ್ದ ಜಾಗ ಬಿಟ್ಟು ಉಳಿದೆಡೆಯೆಲ್ಲ ಹಳದಿ ಪುಡಿ ಕೂತಿರುತ್ತದೆ.